ಒಂದೂವರೆ ಲಕ್ಷ ಕಿ.ಮೀ. ಓಡಿದ ಆಟೋಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ಆಯಿಲ್ ಬದಲಿಸಬೇಕೇ, ಮುಟ್ಟದೆ ಬಿಡಬೇಕೇ?

ಪ್ರಶ್ನೆ: ನನ್ನದು 2011ರ ಹೋಂಡಾ ಸಿಟಿ ಆಟೋಮ್ಯಾಟಿಕ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡೆ, ಈಗ 1,48,000 ಕಿ.ಮೀ. ಆಗಿದೆ. ಗೇರ್‌ಬಾಕ್ಸ್ ಆಯಿಲ್ ಯಾವತ್ತಾದರೂ ಬದಲಾಗಿದೆಯೋ ಇಲ್ಲವೋ, ದಾಖಲೆ ಇಲ್ಲ. ಬೆಳಿಗ್ಗೆ ಮೊದಲ ಸಲ ರಿವರ್ಸ್‌ಗೆ ಹಾಕಿದಾಗ ಒಂದು ಕ್ಷಣ ತಡೆದು ‘ಧಡ್’ ಎಂದು ಹಿಡಿಯುತ್ತದೆ. 50–60ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿಕೊಂಡು ಹೋಗುವಾಗ ಆಗಾಗ ಸಣ್ಣ ನಡುಕ. ಬೇರೆ ತೊಂದರೆ ಇಲ್ಲ. ತಿಂಗಳಿಗೆರಡು ಸಲ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿಬರುತ್ತೇನೆ. ಪರಿಚಯದ ಮೆಕ್ಯಾನಿಕ್, “ಇಷ್ಟು ಓಡಿದ ಮೇಲೆ ಮುಟ್ಬೇಡಿ ಸಾರ್, ಆಯಿಲ್ ಬದಲಿಸಿದ್ರೆ ಗೇರ್‌ಬಾಕ್ಸ್ ಹೋಗುತ್ತೆ” ಅನ್ನುತ್ತಾರೆ. ಇನ್ನೊಂದು ಗ್ಯಾರೇಜಿನವರು ಮೆಷಿನ್ ಹಚ್ಚಿ ಪೂರ್ತಿ ಫ್ಲಶ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಗೆಳೆಯರೊಬ್ಬರು, ಈಗಿನ ಆಯಿಲ್ ಲೈಫ್‌ಟೈಮ್, ಬದಲಿಸುವುದೇ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ? ಹಾಗೆಯೇ, ನಮ್ಮಣ್ಣನ ಮ್ಯಾನ್ಯುಯಲ್ ಸ್ವಿಫ್ಟ್ ಕೂಡ ಒಂದು ಲಕ್ಷ ದಾಟಿದೆ. ಅದಕ್ಕೂ ಬದಲಿಸಬೇಕೇ?

ಉತ್ತರ: ಬದಲಿಸಿ. ಮೆಷಿನ್ ಫ್ಲಶ್ ಬೇಡ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಇಳಿದಷ್ಟನ್ನು ಇಳಿಸಿ, ಅಷ್ಟೇ ಹೊಸದನ್ನು ತುಂಬುವ ಹಳೆಯ ವಿಧಾನ ಸಾಕು. ಅದನ್ನೇ ಅಂತರ ಬಿಟ್ಟು ಮೂರು ಸಲ ಮಾಡಿಸಿ. ಆದರೆ ಅದಕ್ಕೂ ಮುಂಚೆ ಹಳೆಯ ಆಯಿಲ್‌ನ ವಾಸನೆ ನೋಡಬೇಕು, ಎಂಜಿನ್ ಮೌಂಟಿಂಗ್ (ಎಂಜಿನ್ ಕೂತಿರುವ ರಬ್ಬರ್ ಆಧಾರ) ನೋಡಬೇಕು. ಅಲ್ಲಿ ಏನು ಕಾಣುತ್ತದೆ ಎನ್ನುವುದರ ಮೇಲೆ ನನ್ನ ಸಲಹೆ ಬದಲಾಗಬಹುದು. ಮೀಟರಿನಲ್ಲಿರುವ 1,48,000 ಅನ್ನುವ ಸಂಖ್ಯೆಯಿಂದ ಮಾತ್ರ ಬದಲಾಗುವುದಿಲ್ಲ.

ಮೊದಲು ನಿಮ್ಮ ಮೆಕ್ಯಾನಿಕ್ ಮಾತು. ಅವರು ನಿಮ್ಮನ್ನು ಸುಮ್ಮನೆ ಹೆದರಿಸುತ್ತಿಲ್ಲ. ಆಯಿಲ್ ಬದಲಿಸಿದ ವಾರಕ್ಕೇ ಗೇರ್‌ಬಾಕ್ಸ್ ಕೈಕೊಟ್ಟ ಕಾರುಗಳನ್ನು ಅವರು ಕಂಡಿರುತ್ತಾರೆ, ಈ ಕೆಲಸದಲ್ಲಿರುವ ನಾವೆಲ್ಲ ಕಂಡಿದ್ದೇವೆ. ಆದರೆ ಆ ಕಾರುಗಳು ಗ್ಯಾರೇಜಿಗೆ ಬಂದದ್ದು ಯಾವಾಗ ಎಂದು ಕೇಳಿ ನೋಡಿ. ಒಂದೂವರೆ ಲಕ್ಷ ಕಿ.ಮೀ. ತನಕ ಮಾಲೀಕರು ಆ ಕಡೆ ತಿರುಗಿ ನೋಡಿರುವುದಿಲ್ಲ. ಗೇರ್ ಸ್ಲಿಪ್ ಆಗತೊಡಗಿದ ಮೇಲೆ, ಏರು ಹತ್ತುವಾಗ ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದಾಗ, ‘ಆಯಿಲ್ ಬದಲಿಸಿ ನೋಡೋಣ’ ಎಂದು ತರುತ್ತಾರೆ. ಅಷ್ಟು ಹೊತ್ತಿಗೆ ಒಳಗಿನ ಕ್ಲಚ್ ಪ್ಲೇಟುಗಳ ಪದರ ಸವೆದು ಹೋಗಿರುತ್ತದೆ. ಹೊಸ ಆಯಿಲ್ ಅದನ್ನು ಮರಳಿ ತರಲಾರದು. ನಾಲ್ಕು ದಿನ ಬಿಟ್ಟು ಕಾರು ನಿಂತಾಗ ಅಪವಾದ ಆಯಿಲ್ ಮೇಲೆ ಬರುತ್ತದೆ. ಮೆಕ್ಯಾನಿಕ್ ಮೇಲೂ ಬರುತ್ತದೆ. ಒಂದೆರಡು ಸಲ ಹೀಗೆ ಬೈಸಿಕೊಂಡವರು ಮತ್ತೆ ಹಳೆಯ ಆಟೋಮ್ಯಾಟಿಕ್ ಮುಟ್ಟಲು ಒಪ್ಪದಿದ್ದರೆ ಅವರನ್ನು ದೂರುವಂತಿಲ್ಲ.

ಆ ಭಯಕ್ಕೆ ಇನ್ನೂ ಎರಡು ಕಾರಣಗಳಿವೆ, ಅವೂ ನಿಜವೇ. ಒಂದು, ಬೇರೆ ಜಾತಿಯ ಆಯಿಲ್ ಸುರಿದು ಕೆಡಿಸಿದ ಪ್ರಕರಣಗಳು. ಇನ್ನೊಂದು, ಅಳತೆ ತಪ್ಪಿ ಹೆಚ್ಚೋ ಕಡಿಮೆಯೋ ತುಂಬಿದ್ದು. ಇವೆರಡರಿಂದಲೂ ಚೆನ್ನಾಗಿದ್ದ ಗೇರ್‌ಬಾಕ್ಸ್ ಹಾಳಾಗಬಹುದು. ‘ಹಳೇ ಆಯಿಲ್‌ನಲ್ಲಿ ತೇಲುತ್ತಿರುವ ಕ್ಲಚ್ ಪುಡಿಯೇ ಹಿಡಿತ ಕೊಡುತ್ತಿರುತ್ತದೆ, ತೆಗೆದರೆ ಹಿಡಿತ ಹೋಗುತ್ತದೆ’ ಎಂಬ ವಾದವನ್ನೂ ನೀವು ಕೇಳಿರಬಹುದು. ಅಂಥ ಪುಡಿಯ ಆಸರೆಯಲ್ಲೇ ನಿಂತಿರುವ ಗೇರ್‌ಬಾಕ್ಸ್ ಹೇಗೂ ಕೊನೆಯ ದಿನ ಎಣಿಸುತ್ತಿರುತ್ತದೆ. ಅದೇ ಪುಡಿ ವಾಲ್ವ್‌ಗಳ ಸಂದಿಗೂ ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳ ಸಣ್ಣ ಜಾಲರಿಗೂ ಸೇರಿಕೊಂಡು ಮಾಡುವ ಹಾನಿಯನ್ನು ಆ ವಾದ ಮಾಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆಟೋಮ್ಯಾಟಿಕ್ ಪೆಟ್ಟಿಗೆಯೊಳಗಿನ ಈ ಎಣ್ಣೆಗೆ, ಅಂದರೆ ಎಟಿಎಫ್‌ಗೆ, ಬರೀ ನುಣುಪು ಕೊಡುವ ಕೆಲಸವಲ್ಲ. ಎಂಜಿನ್ನಿನ ಶಕ್ತಿಯನ್ನು ನಡುವಿನ ಟಾರ್ಕ್ ಕನ್ವರ್ಟರ್ ಎಂಬ ಘಟಕದ ಮೂಲಕ ಗೇರ್‌ಗಳಿಗೆ ದಾಟಿಸುವುದು ಅದೇ. ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿದು ಗೇರ್ ಬದಲಿಸುವುದು ಅದೇ. ಒಳಗೆ ಹುಟ್ಟಿದ ಶಾಖವನ್ನು ಕೂಲರ್ ತನಕ ಹೊತ್ತು ಹಾಕುವುದೂ ಅದೇ. ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದಿದೆ: ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಘರ್ಷಣೆ ಎಷ್ಟಿರಬೇಕೋ ಅಷ್ಟೇ ಇರುವಂತೆ ನೋಡಿಕೊಳ್ಳುವುದು. ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಜಗ್ಗುತ್ತದೆ. ಈ ಹದ ಬರುವುದು ಎಣ್ಣೆಗೆ ಬೆರೆಸಿರುವ ರಾಸಾಯನಿಕಗಳಿಂದ. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಇದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲ ರಕ್ಷಣೆಯ ಕಾನೂನು ಬಂದು ಅದು ನಿಂತ ಮೇಲೆ ಬದಲಿ ಹುಡುಕುವುದು ಕಂಪನಿಗಳಿಗೆ ಸುಲಭವಾಗಲಿಲ್ಲ. ಈಗಿನವು ಕೃತಕ ರಾಸಾಯನಿಕಗಳು, ತುಂಬಾ ಉತ್ತಮವಾದವು. ಆದರೂ ಬಿಸಿಗೆ ಅವೂ ಕರಗುತ್ತಾ ಹೋಗುತ್ತವೆ. ಹತ್ತು ಡಿಗ್ರಿ ಬಿಸಿ ಏರಿದರೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕ್ಷೇತ್ರದ ಸ್ಥೂಲ ಲೆಕ್ಕ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಡಿ ಹಾಕಿ ಬ್ರೇಕ್ ಒತ್ತಿ ನಿಂತಾಗಲೂ, ಲಾರಿಗಳ ಹಿಂದೆ ಶಿರಾಡಿ ಹತ್ತುವಾಗಲೂ ಈ ಎಣ್ಣೆ ಬೇಯುತ್ತಿರುತ್ತದೆ.

ಅದಕ್ಕೇ ‘ಲೈಫ್‌ಟೈಮ್ ಆಯಿಲ್’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಜರ್ಮನಿಯ ಜಡ್‌ಎಫ್ ಕಂಪನಿ. ಬಿಎಂಡಬ್ಲ್ಯು ಮುಂತಾದ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವವರು ಇವರೇ. ಕಾರು ಮಾರುವವರು ‘ಜೀವನಪೂರ್ತಿ ಬದಲಿಸಬೇಕಿಲ್ಲ’ ಎಂದರೂ, ಪೆಟ್ಟಿಗೆ ತಯಾರಿಸಿದ ಜಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ, ಅಥವಾ ಹೆಚ್ಚೆಂದರೆ 8 ವರ್ಷಕ್ಕೆ, ಬದಲಿಸಿ ಎಂದು ಹೇಳುತ್ತದೆ. ಯಾರ ಲೈಫ್, ಎಷ್ಟು ಟೈಮ್ ಎಂದು ಕೇಳಬೇಕಾದ ಮಾತದು. ಮೊದಲ ಮಾಲೀಕ ನಾಲ್ಕೈದು ವರ್ಷ ಓಡಿಸಿ ಮಾರಿಬಿಡುತ್ತಾನೆ. ಆಮೇಲೆ ಕೊಂಡ ನಿಮ್ಮಂಥವರಿಗೆ ಆ ಲೈಫ್‌ಟೈಮ್ ಅನ್ವಯಿಸುವುದಿಲ್ಲ.

ಇನ್ನು ನಿಮ್ಮ ಕಾರಿನ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

50–60ರ ವೇಗದಲ್ಲಿ ಕಾಲು ಹಗುರವಾಗಿದ್ದಾಗ ಬರುವ ನಡುಕ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ರಸ್ತೆಗೆ ಬಳಿದ ರಂಬಲ್ ಪಟ್ಟಿಗಳ ಮೇಲೆ ಅರೆಕ್ಷಣ ಹಾದುಹೋದಂತೆ ಇದ್ದು ತಾನಾಗಿ ನಿಂತುಹೋಗುತ್ತದೆಯೇ? ಹಾಗಿದ್ದರೆ ಅದು ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್‌ನ ನಡುಕ. ಸಮವೇಗದಲ್ಲಿ ಹೋಗುವಾಗ ಪೆಟ್ರೋಲ್ ಉಳಿಸಲು ಕನ್ವರ್ಟರಿನೊಳಗೆ ಒಂದು ಕ್ಲಚ್ ನಿಧಾನವಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆಯ ಘರ್ಷಣೆಯ ಹದ ಕೆಟ್ಟಿದ್ದರೆ ಅದು ನಯವಾಗಿ ಹಿಡಿಯದೆ ಹಿಡಿದು-ಬಿಟ್ಟು-ಹಿಡಿದು ಮಾಡುತ್ತದೆ. ಖಚಿತಪಡಿಸಿಕೊಳ್ಳುವುದು ಸುಲಭ. ಹಿಂದೆ ವಾಹನವಿಲ್ಲದ ಖಾಲಿ ರಸ್ತೆಯಲ್ಲಿ ನಡುಕ ಶುರುವಾದ ಕೂಡಲೇ ಆಕ್ಸಿಲರೇಟರನ್ನು ಹಾಗೇ ಹಿಡಿದುಕೊಂಡು ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ಮನೆ ಸೋಕಿಸಿ. ಬ್ರೇಕ್ ಲೈಟ್ ಹತ್ತುವಷ್ಟು ಒತ್ತಿದರೆ ಸಾಕು, ಲಾಕಪ್ ಬಿಟ್ಟುಕೊಳ್ಳುತ್ತದೆ. ಆ ಕ್ಷಣವೇ ನಡುಕ ನಿಂತರೆ ಕಾರಣ ಅಲ್ಲೇ ಇದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಕಡೆ ಮೊದಲು ನೋಡಿ. ಎಂಜಿನ್ ಮಿಸ್ ಆಗುವುದನ್ನು ಗೇರ್‌ಬಾಕ್ಸ್ ದೋಷವೆಂದು ತಿಳಿದು ಹಣ ಸುರಿದವರು ಬಹಳ ಜನ. ಇಷ್ಟು ಗಮನ ಕೊಟ್ಟು ಹೇಳಲು ಕಾರಣ, ಆಟೋಮ್ಯಾಟಿಕ್‌ನ ಎಲ್ಲ ತೊಂದರೆಗಳ ಪೈಕಿ ಆಯಿಲ್ ಬದಲಿಸಿದರೆ ವಾಸಿಯಾಗುವ ಸಾಧ್ಯತೆ ಅತಿ ಹೆಚ್ಚಿರುವುದು ಈ ಲಾಕಪ್ ನಡುಕಕ್ಕೆ.

ಬೆಳಗಿನ ‘ಧಡ್’ ಅಷ್ಟು ನೇರವಾದದ್ದಲ್ಲ. ಹಳೆಯ ಆಯಿಲ್ ಇರಬಹುದು, ಮಟ್ಟ ಕಡಿಮೆ ಇರಬಹುದು, ಸೀಲುಗಳು ಗಟ್ಟಿಯಾಗಿರಬಹುದು. ಆದರೆ ಹದಿನಾಲ್ಕು ವರ್ಷ ದಾಟಿದ ಸಿಟಿಯಲ್ಲಿ ನಾನು ಮೊದಲು ಅನುಮಾನಿಸುವುದು ಎಂಜಿನ್ ಮೌಂಟಿಂಗ್. ರಬ್ಬರ್ ಕುಸಿದಿದ್ದರೆ ಗೇರ್ ಹಿಡಿದಾಗ ಇಡೀ ಎಂಜಿನ್ ಎದ್ದು ಬಡಿಯುತ್ತದೆ. ಒಳಗೆ ಕೂತವರಿಗೆ ಅದು ಗೇರ್‌ಬಾಕ್ಸಿನ ಹೊಡೆತವೆಂದೇ ಅನ್ನಿಸುತ್ತದೆ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಕಾಲಿನ ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಒಬ್ಬರು ಡಿ-ಯಿಂದ ಆರ್‌ಗೂ ಆರ್‌ನಿಂದ ಡಿ-ಗೂ ಹಾಕಲಿ. ಇನ್ನೊಬ್ಬರು ಕಾರಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಲಿ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಗಕ್ಕನೆ ಎದ್ದು ಕೂತರೆ ಮೌಂಟಿಂಗ್ ಹೋಗಿದೆ. ಅದನ್ನು ಬಿಟ್ಟು ಆಯಿಲ್ ಎಷ್ಟು ಸಲ ಬದಲಿಸಿದರೂ ಧಡ್ ಹೋಗದು. ಜೊತೆಗೆ, ಡ್ಯಾಶ್‌ಬೋರ್ಡಿನಲ್ಲಿ ‘ಡಿ’ ಅಕ್ಷರದ ದೀಪ ಎಂದಾದರೂ ಮಿನುಗಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ನೋಡಿಸಿ. ಸೊಲೆನಾಯ್ಡ್ ಅಥವಾ ಪ್ರೆಷರ್ ಸ್ವಿಚ್ಚಿನ ದೋಷ ಅಲ್ಲಿ ಸಿಗುತ್ತದೆ.

ಆಮೇಲೆ ಆಯಿಲ್ ಪರೀಕ್ಷೆ. ಕಾರು ಸಮತಟ್ಟಾದ ಜಾಗದಲ್ಲಿರಲಿ, ರೇಡಿಯೇಟರ್ ಫ್ಯಾನ್ ತಿರುಗುವಷ್ಟು ಎಂಜಿನ್ ಬಿಸಿಯಾಗಲಿ. ಆಮೇಲೆ ಆಫ್ ಮಾಡಿ, 60ರಿಂದ 90 ಸೆಕೆಂಡಿನೊಳಗೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಬೇರೆ ಎಷ್ಟೋ ಕಂಪನಿಗಳ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡುವ ಪದ್ಧತಿ ಇದೆ. ಆ ಅಭ್ಯಾಸದಲ್ಲಿ ಹೋಂಡಾದ್ದನ್ನೂ ಹಾಗೇ ನೋಡಿ, ಕಡಿಮೆ ಇದೆಯೆಂದು ಅರ್ಧ ಲೀಟರ್ ಜಾಸ್ತಿ ಸುರಿಯುವವರಿದ್ದಾರೆ.

ಕಡ್ಡಿಯ ತುದಿಯ ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಹೊಸ ಎಟಿಎಫ್ ಕೆಂಪಗಿರುತ್ತದೆ. ನಿಮ್ಮದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರಿಂದಲೇ ಗಾಬರಿಯಾಗಬೇಕಿಲ್ಲ. ಹನಿ ಹರಡಿಕೊಳ್ಳಲು ಬಿಟ್ಟು ನೋಡಿ. ಕಂದು ಬಣ್ಣವೇ ಒಂದೇ ಸಮನಾಗಿ ಅಗಲವಾಗುತ್ತಾ ಹೋದರೆ ಎಣ್ಣೆ ಹಳೆಯದಾಗಿದೆ, ಅಷ್ಟೇ. ನಡುವೆ ಕಪ್ಪು ಮಸಿ ಉಳಿದು ಅಂಚಿಗೆ ಮಾತ್ರ ಎಣ್ಣೆ ಹರಿದರೆ ಕ್ಲಚ್ ಪುಡಿ ಜಾಸ್ತಿ ಇದೆ ಎಂದರ್ಥ. ಟಾರ್ಚ್ ಬೆಳಕಿನಲ್ಲಿ ಹೊಳೆಯುವ ಕಣ ಕಂಡರೆ ಅದು ಲೋಹ. ಆಮೇಲೆ ಮೂಸಿ ನೋಡಿ. ನಾನು ಬಣ್ಣಕ್ಕಿಂತ ವಾಸನೆಯನ್ನು ಹೆಚ್ಚು ನಂಬುತ್ತೇನೆ. ಘಾಟಿಯಲ್ಲಿ ಲಾರಿಯ ಕ್ಲಚ್ ಸುಟ್ಟ ಘಾಟು ನಿಮಗೆ ಪರಿಚಯವಿದ್ದೇ ಇರುತ್ತದೆ. ಡಿಪ್‌ಸ್ಟಿಕ್ಕಿನಿಂದಲೂ ಅಂಥದೇ ಸುಟ್ಟ ವಾಸನೆ ಬಂದರೆ ವಿಷಯ ಗಂಭೀರ. ಎಣ್ಣೆ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಹಾಲುಹಾಲಾಗಿದ್ದರೆ ಕೂಲರ್ ಒಳಗೆ ತೂತಾಗಿ ಕೂಲೆಂಟ್ ಬೆರೆತಿದೆ. ಆಗ ಕಾರನ್ನು ಮುಂದೆ ಓಡಿಸಲೇಬೇಡಿ, ಟೋ ಮಾಡಿಸಿ. ಕ್ಲಚ್ ಪ್ಲೇಟಿನ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ.

ತೀರ್ಮಾನ ಆಗುವುದು ಇಲ್ಲಿ. ಗೇರ್ ಸ್ಲಿಪ್ ಇಲ್ಲ, ಸುಟ್ಟ ವಾಸನೆ ಇಲ್ಲ, ಲೋಹದ ಚೂರಿಲ್ಲ ಎಂದಾದರೆ, ಎಷ್ಟೇ ಕಿ.ಮೀ. ಆಗಿರಲಿ, ಬದಲಿಸಿ. ಎರಡು ಲಕ್ಷ ಆಗಿದ್ದರೂ ನನ್ನ ಮಾತು ಇದೇ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ಕಾರು ಈ ಗುಂಪಿಗೇ ಸೇರುತ್ತದೆ ಎಂದು ನನ್ನ ಅಂದಾಜು. ಸ್ಲಿಪ್ ಮತ್ತು ಸುಟ್ಟ ವಾಸನೆ ಎರಡೂ ಇದ್ದರೆ ಆಯಿಲ್ ಮೇಲೆ ದುಡ್ಡು ಹಾಕಬೇಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬಲ್ಲವರ ಹತ್ತಿರ ಕೊಂಡೊಯ್ದು ಒತ್ತಡ ಅಳೆಸಿ. ಕ್ಲಚ್ ಪ್ಯಾಕ್ ಹೊಸದಾಗಿ ಕಟ್ಟಿಸುವುದೋ, ಒಳ್ಳೆಯ ಹಳೆಯ ಗೇರ್‌ಬಾಕ್ಸ್ ಕೂರಿಸುವುದೋ, ಆ ಖರ್ಚು ಕಾರಿನ ಈಗಿನ ಬೆಲೆಗೆ ತಾಳೆಯಾಗುತ್ತದೆಯೋ ಎಂಬ ಲೆಕ್ಕಾಚಾರ ಅಲ್ಲಿಂದ ಶುರು. ಸ್ಲಿಪ್ ನಿಲ್ಲಿಸುವ ಮದ್ದು ಎಂದು ಮಾರುವ ಬಾಟಲಿಗಳನ್ನು ಎರಡೂ ಸಂದರ್ಭದಲ್ಲಿ ಹಾಕಬೇಡಿ.

ಎರಡರ ನಡುವಿನ ಕಾರುಗಳೂ ಇರುತ್ತವೆ. ಆಯಿಲ್ ಕಪ್ಪಗಿದೆ, ವಾಸನೆ ಸ್ವಲ್ಪ ಸುಟ್ಟಂತೆ ಇದೆಯೋ ಇಲ್ಲವೋ ಎಂಬ ಅನುಮಾನ, ಆದರೆ ಗೇರ್‌ಗಳು ಸರಿಯಾಗಿ ಬೀಳುತ್ತಿವೆ. ಇಂಥದಕ್ಕೂ ನಾನು ಒಂದು ಸಲ ಬದಲಿಸಿ ನೋಡಿ ಎಂದೇ ಹೇಳುತ್ತೇನೆ, ಆದರೆ ಅದರ ಅಪಾಯವನ್ನು ಮಾಲೀಕರಿಗೆ ಮೊದಲೇ ತಿಳಿಸಿರುತ್ತೇನೆ. ಬದಲಿಸದೆ ಬಿಟ್ಟರೆ ಅದು ಹೋಗುವುದು ಖಂಡಿತ, ಬದಲಿಸಿದರೆ ಉಳಿಯುವ ಅವಕಾಶವಾದರೂ ಇದೆ.

ಮೆಷಿನ್ ಫ್ಲಶ್ ಏಕೆ ಬೇಡ? ಕೂಲರ್ ಪೈಪಿಗೆ ಯಂತ್ರ ಜೋಡಿಸಿ ಹಳೆಯದನ್ನೆಲ್ಲ ಒಂದೇ ಸಲ ಹೊರದೂಡುವ ವಿಧಾನ ಅದು. ಕೆಲವರು ತೊಳೆಯುವ ದ್ರಾವಣವನ್ನೂ ಸೇರಿಸುತ್ತಾರೆ. ವರ್ಷಗಟ್ಟಲೆ ಒಂದೆಡೆ ಕೂತ ಜಿಡ್ಡು ಎದ್ದು ವಾಲ್ವ್‌ಗಳ ಕಡೆ ಹರಿದರೆ ಹಿಡಿಯಲು ಅಲ್ಲಿ ಏನೂ ಇಲ್ಲ. ನಿಮ್ಮ ಕಾರಿನಲ್ಲಿ ಕೆಳಗಿನ ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಿಸುವ ವ್ಯವಸ್ಥೆಯೂ ಇಲ್ಲ. ಎಣ್ಣೆ ಸೋಸುವ ಜಾಲರಿ ಪೆಟ್ಟಿಗೆಯ ಒಳಗೇ ಇದೆ, ಪೂರ್ತಿ ಬಿಚ್ಚದೆ ಕೈಗೆ ಸಿಗುವುದಿಲ್ಲ. ಅದು ಕಟ್ಟಿಕೊಂಡರೆ ಪಂಪಿಗೆ ಎಣ್ಣೆ ಸಾಲದು. ಹಳೆಯ, ದಾಖಲೆಯಿಲ್ಲದ ಗೇರ್‌ಬಾಕ್ಸಿಗೆ ಇಷ್ಟು ಅಪಾಯ ತಂದುಕೊಳ್ಳುವ ಅಗತ್ಯವೇ ಇಲ್ಲ, ಏಕೆಂದರೆ ನಿಧಾನದ ದಾರಿಯಲ್ಲೂ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ.

ಲೆಕ್ಕ ನೋಡಿ. ಈ ಪೆಟ್ಟಿಗೆಯೊಳಗೆ ಕನ್ವರ್ಟರ್ ಸೇರಿ ಸುಮಾರು ಐದೂವರೆ ಲೀಟರ್ ಎಣ್ಣೆ ಇರುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಇಳಿಯುವುದು ಎರಡೂವರೆ ಲೀಟರ್ ಆಸುಪಾಸು, ಉಳಿದದ್ದು ಕನ್ವರ್ಟರ್ ಮತ್ತು ಸಂದುಗೊಂದುಗಳಲ್ಲೇ ನಿಲ್ಲುತ್ತದೆ. ಹೀಗಾಗಿ ಮೊದಲ ಸಲಕ್ಕೆ ಶೇ. 45ರಷ್ಟು ಹೊಸ ಎಣ್ಣೆ ಸೇರಿತು. ಎರಡನೇ ಸಲಕ್ಕೆ ಶೇ. 70, ಮೂರನೇ ಸಲಕ್ಕೆ ಶೇ. 83. ನಾಲ್ಕನೆಯದಕ್ಕೆ ಶೇ. 90 ದಾಟುತ್ತದೆ, ಆದರೆ ಅಷ್ಟು ಹೊತ್ತಿಗೆ ನೀವು ಇಳಿಸುತ್ತಿರುವುದು ಬಹುಪಾಲು ಹೊಸ ಎಣ್ಣೆಯನ್ನೇ. ಮೂರಕ್ಕೆ ನಿಲ್ಲಿಸಿ ಎನ್ನುವುದು ಅದಕ್ಕೇ. ಒಂದೊಂದರ ನಡುವೆ ಸಾವಿರದಿಂದ ಒಂದೂವರೆ ಸಾವಿರ ಕಿ.ಮೀ. ಓಡಿಸಿ. ನಿಮ್ಮ ಲೆಕ್ಕದಲ್ಲಿ ಬೆಂಗಳೂರಿಗೆ ಎರಡು ಸಲ ಹೋಗಿಬಂದರೆ ಆಯಿತು. ಹೊಸ ಎಣ್ಣೆಯಲ್ಲಿರುವ ಶುದ್ಧಿಕಾರಕಗಳು ಈ ಅವಧಿಯಲ್ಲಿ ಜಿಡ್ಡನ್ನು ನಿಧಾನವಾಗಿ ಕರಗಿಸಿ ಮುಂದಿನ ಸಲಕ್ಕೆ ಹೊರಗೆ ತರುತ್ತವೆ. ಇನ್ನೊಂದು ಲಾಭವೂ ಇದೆ: ಮೊದಲ ಸಲದ ನಂತರ ಗೇರ್‌ಬಾಕ್ಸ್ ಹೇಗೆ ನಡೆಯುತ್ತಿದೆ ಎಂದು ನೋಡಿಕೊಂಡೇ ಎರಡನೆಯದಕ್ಕೆ ಹೋಗಬಹುದು. ನಡುಕ ಕಡಿಮೆಯಾದರೆ ಅಥವಾ ಮೊದಲಿನಂತೆಯೇ ಇದ್ದರೆ ಮುಂದುವರಿಸಿ. ಸ್ಲಿಪ್ ಶುರುವಾದರೆ ಅಲ್ಲಿಗೆ ನಿಲ್ಲಿಸಿ ಪರೀಕ್ಷೆ ಮಾಡಿಸಿ.

ಯಾವ ಆಯಿಲ್ ಎನ್ನುವುದರಲ್ಲಿ ರಾಜಿ ಬೇಡ. ಹೋಂಡಾದ ಡಿಡಬ್ಲ್ಯು-1 ಎಟಿಎಫ್ ಹಾಕಿಸಿ. ಮೊದಲು ಜಡ್-1 ಎಂಬುದಿತ್ತು, ಅದರ ಜಾಗಕ್ಕೆ ಬಂದದ್ದೇ ಡಿಡಬ್ಲ್ಯು-1, ಹಳೆಯದರ ಜೊತೆ ಬೆರೆತರೂ ತೊಂದರೆಯಿಲ್ಲ. ‘ಎಲ್ಲ ಕಾರಿಗೂ ಆಗುತ್ತದೆ’ ಎಂದು ಬರೆದ ಡಬ್ಬಿ ಬೇಡ. ಹೋಂಡಾದ ಈ ಪೆಟ್ಟಿಗೆಯ ರಚನೆಯೇ ಬೇರೆ: ಇತರರ ಆಟೋಮ್ಯಾಟಿಕ್‌ನಲ್ಲಿರುವ ಪ್ಲಾನೆಟರಿ ಗೇರ್ ಗುಚ್ಛದ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಜೋಡಣೆ) ಬದಲು, ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿರುವಂತೆ ಪಕ್ಕಪಕ್ಕದ ಶಾಫ್ಟುಗಳು, ಒಂದೊಂದು ಗೇರಿಗೆ ಕ್ಲಚ್ ಪ್ಯಾಕ್. ಘರ್ಷಣೆಯ ಹದ ಸ್ವಲ್ಪ ತಪ್ಪಿದರೂ ಗೇರ್ ಬೀಳುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಮುಂದಿನ ತಲೆಮಾರಿನ ಸಿಟಿ, 2014ರಿಂದ ಬಂದದ್ದು, ಸಿವಿಟಿ, ಅಂದರೆ ಗೇರ್‌ಗಳ ಬದಲು ಬೆಲ್ಟ್ ಮತ್ತು ರಾಟೆಗಳಿಂದ ನಡೆಯುವ ಪೆಟ್ಟಿಗೆ. ಅದಕ್ಕೆ ಬೇರೆಯದೇ ಎಣ್ಣೆ, ಹೆಸರು ಎಚ್‌ಸಿಎಫ್-2. ‘ಸಿಟಿ ಆಟೋಮ್ಯಾಟಿಕ್‌ಗೆ ಆಯಿಲ್ ಕೊಡಿ’ ಎಂದಷ್ಟೇ ಕೇಳಿದರೆ ಅದನ್ನು ಕೊಟ್ಟುಬಿಡಬಹುದು. ಇಸವಿ ಹೇಳಿ, ಡಬ್ಬಿಯ ಮೇಲಿನ ಹೆಸರು ಓದಿ, ಬಿಲ್ ಪಡೆದು ಕೊಳ್ಳಿ.

ಕೆಲಸ ನಡೆಯುವಾಗ ಹತ್ತಿರವೇ ನಿಲ್ಲಿ. ಕಾರು ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರಬೇಕು, ಕೈ ಸುಡುವಷ್ಟಲ್ಲ. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ತಲೆಯಲ್ಲಿ ಚೌಕಾಕಾರದ ಗುಳಿ ಇರುತ್ತದೆ, ಮೂರೆಂಟಂಶ ಇಂಚಿನ ರಾಚೆಟ್ ನೇರವಾಗಿ ಅದರೊಳಗೆ ಕೂರುತ್ತದೆ. ಎಂಜಿನ್ ಆಯಿಲ್ ಬೋಲ್ಟಿಗೆ ಮಾಮೂಲಿ 17ರ ಸ್ಪ್ಯಾನರ್. ಹುಡುಗರು ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಬಿಚ್ಚುವುದುಂಟು, ಆದ್ದರಿಂದ ಈ ಗುರುತು ನೆನಪಿರಲಿ. ಬೋಲ್ಟ್ ಹೊರಗೆ ಬಂದ ಮೇಲೆ ಒರೆಸುವ ಮೊದಲು ನಿಮ್ಮ ಕೈಗೆ ಇಸಿದುಕೊಳ್ಳಿ. ಅದರ ತುದಿಯಲ್ಲಿ ಅಯಸ್ಕಾಂತ ಇದೆ. ಅದರ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟ್ ಗುಪ್ಪೆಯಾಗಿ ಕೂತಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಬೆಣ್ಣೆಯಷ್ಟು ನುಣ್ಣಗಿದ್ದರೆ ಅದು ಸಹಜ ಸವೆತ, ಇಷ್ಟು ಕಿ.ಮೀ.ಗೆ ಗುಪ್ಪೆ ದೊಡ್ಡದಿದ್ದರೂ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಬೇರಿಂಗೋ ಗೇರೋ ಒಡೆಯುತ್ತಿದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ಎರಡನೇ ಸಲ ಬಿಚ್ಚಿದಾಗ ಹೋಲಿಸಲು.

ಇಳಿದ ಎಣ್ಣೆಯನ್ನು ಎಸೆಯುವ ಮೊದಲು ಅಳೆಯಿರಿ. ಲೀಟರಿನ ಖಾಲಿ ನೀರಿನ ಬಾಟಲಿಗಳಿಗೆ ಸುರಿದರೆ ಸಾಕು. ಮಟ್ಟ ಮೊದಲು ಸರಿಯಿತ್ತು ಎಂದಾದರೆ ಎಷ್ಟು ಇಳಿಯಿತೋ ಅಷ್ಟೇ ತುಂಬಬೇಕು. ಎರಡು ಲೀಟರೂ ಇಳಿಯಲಿಲ್ಲ ಎಂದರೆ ಎಲ್ಲೋ ಸೋರಿದೆ. ಆಕ್ಸಲ್ ಸೀಲುಗಳ ಸುತ್ತ ಒದ್ದೆಯಾಗಿದೆಯೇ ನೋಡಿಸಿ. ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಹೊಸದು ಹಾಕಿ 49 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಪೆಟ್ಟಿಗೆಯೂ ಅಲ್ಯೂಮಿನಿಯಮ್ಮೇ ಆದ್ದರಿಂದ ಅತಿಯಾಗಿ ಬಲ ಹಾಕಿ ತಿರುಗಿಸಿದರೆ ತೂತಿನೊಳಗಿನ ತಿರುಪಿನ ಎಳೆ ಕಿತ್ತುಬರುತ್ತದೆ. ತುಂಬಿದ ಮೇಲೆ ಎಂಜಿನ್ ಹಾಕಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ಒಂದೆರಡು ಸೆಕೆಂಡ್ ನಿಲ್ಲಿಸುತ್ತಾ ತಂದು, ಸ್ವಲ್ಪ ಓಡಿಸಿ ಬಿಸಿಮಾಡಿ, ಮೊದಲು ಹೇಳಿದ ಕ್ರಮದಲ್ಲೇ ಮಟ್ಟ ನೋಡಬೇಕು. ಹೆಚ್ಚಾದರೆ ಗೇರ್‌ಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಹಾಗಾಗಿ ಜಾಸ್ತಿ ತುಂಬಿದ್ದಕ್ಕೂ ಕಡಿಮೆಯಾದದ್ದಕ್ಕೂ ಲಕ್ಷಣ ಒಂದೇ ಥರ ಕಾಣುತ್ತದೆ. ಹಳೆಯ ಎಣ್ಣೆಯನ್ನು ಚರಂಡಿಗೆ ಬಿಡಲು ಕೊಡಬೇಡಿ. ಎಂಜಿನ್ ಆಯಿಲ್ ಜೊತೆ ಸಂಗ್ರಹಿಸಿ ಮರುಬಳಕೆಗೆ ಕೊಡುವ ಗ್ಯಾರೇಜುಗಳಿವೆ.

ಮೂರೂ ಸಲ ಮುಗಿದ ಮೇಲೆ 40,000 ಕಿ.ಮೀ.ಗೆ ಅಥವಾ ಮೂರು ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ, ಒಂದೊಂದು ಸಲ ಬದಲಿಸುತ್ತಾ ಹೋಗಿ. ಕಾರಿನ ಜೊತೆ ಬರುವ ಪುಸ್ತಕಗಳಲ್ಲಿ ಸಾಮಾನ್ಯ ಬಳಕೆಗೊಂದು ಅವಧಿ, ಕಠಿಣ ಬಳಕೆಗೊಂದು ಅವಧಿ ಕೊಟ್ಟಿರುವುದನ್ನು ನೋಡಿರಬಹುದು. ಬಿಸಿಲು, ಧೂಳು, ನಿಂತುನಿಂತು ಸಾಗುವ ಟ್ರಾಫಿಕ್, ಬೆಟ್ಟದ ರಸ್ತೆ, ಇವೆಲ್ಲ ಕಠಿಣದ ಪಟ್ಟಿಯಲ್ಲಿರುತ್ತವೆ. ನಿಮ್ಮದರಲ್ಲಿ ನಾಲ್ಕೂ ಇವೆ. ಘಾಟಿಯಲ್ಲಿ ಭಾರ ಹೇರಿಕೊಂಡು ಹತ್ತುವಾಗ ಡಿ-ಯಲ್ಲೇ ಬಿಟ್ಟು ಗೇರ್ ಮೇಲೆ ಕೆಳಗೆ ಆಡಲು ಬಿಡಬೇಡಿ, ಕೆಳಗಿನ ಗೇರಿಗೆ ಇಳಿಸಿ ಒಂದೇ ಸಮ ಹತ್ತಿಸಿ. ಎಣ್ಣೆ ಅಷ್ಟು ಕಾಯುವುದಿಲ್ಲ.

ಈ ಸಲಹೆಯನ್ನು ಎಲ್ಲ ಆಟೋಮ್ಯಾಟಿಕ್‌ಗಳಿಗೂ ಹಾಗೇ ಅನ್ವಯಿಸಬೇಡಿ ಎಂದು ಉಳಿದ ಓದುಗರಿಗೆ ಹೇಳಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾದ ಆರು ಗೇರಿನ ತೇವ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗಿದ ಜೋಡಿ ಕ್ಲಚ್ಚಿನ) ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಬದಲಿಸುವುದು ಕಡ್ಡಾಯ, ಫಿಲ್ಟರ್ ಸಮೇತ. ಮಾರುತಿ ಸೆಲೆರಿಯೊದಿಂದ ಶುರುವಾದ ಎಎಂಟಿಗಳು ಮೂಲದಲ್ಲಿ ಮ್ಯಾನ್ಯುಯಲ್ ಪೆಟ್ಟಿಗೆಗಳೇ. ಅವುಗಳ ಗೇರ್ ಆಯಿಲ್ ಬೇರೆ, ಕ್ಲಚ್ ಒತ್ತಿ ಗೇರ್ ಹಾಕುವ ಹೈಡ್ರಾಲಿಕ್ ಘಟಕದ ಎಣ್ಣೆ ಬೇರೆ.

ಇನ್ನು ನಿಮ್ಮಣ್ಣನ ಸ್ವಿಫ್ಟ್. ಬದಲಿಸಲಿ, ಇಲ್ಲಿ ಹಿಂದೆಮುಂದೆ ನೋಡುವ ಕಾರಣವೇ ಇಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಒಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇಲ್ಲ, ಒತ್ತಡದ ವಾಲ್ವ್‌ಗಳಿಲ್ಲ, ಆದ್ದರಿಂದ ಹೊಸ ಎಣ್ಣೆ ಏನನ್ನೋ ಕೆಡಿಸುತ್ತದೆಂಬ ಭಯಕ್ಕೂ ಜಾಗವಿಲ್ಲ. ಎಣ್ಣೆ ಕೊಳ್ಳುವಾಗ ಗ್ರೇಡನ್ನು ಪುಸ್ತಕದಲ್ಲಿ ನೋಡಿ, ಜೊತೆಗೆ ಡಬ್ಬಿಯ ಮೇಲೆ ಜಿಎಲ್-4 ಎಂದಿದೆಯೇ ಗಮನಿಸಿ. ಜೀಪು, ಲಾರಿಗಳ ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಎಣ್ಣೆಯಲ್ಲಿ ಗಂಧಕ-ರಂಜಕದ ಅಂಶ ಹೆಚ್ಚು. ಅದು ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು (ವೇಗ ಹೊಂದಿಸಿ ಗೇರ್ ಹಗುರವಾಗಿ ಬೀಳುವಂತೆ ಮಾಡುವ ಭಾಗಗಳು) ತಿನ್ನಬಹುದು. ಗ್ಯಾರೇಜಿನಲ್ಲಿ ಒಂದು ಮಾತು ತಪ್ಪದೆ ಹೇಳಲಿ: ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟುವ ಮೊದಲು ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ ಎಂದು. ಲಕ್ಷ ಕಿ.ಮೀ. ಕೈ ತಾಗದ ಬೋಲ್ಟ್ ಕೆಲವೊಮ್ಮೆ ಹಿಡಿದುಕೊಂಡಿರುತ್ತದೆ. ಎಣ್ಣೆಯೆಲ್ಲ ಇಳಿಸಿ ಆದ ಮೇಲೆ ತುಂಬುವ ತೂತೇ ತೆರೆಯದಿದ್ದರೆ ಕಾರು ಆ ದಿನ ಗ್ಯಾರೇಜಿನಲ್ಲೇ ಉಳಿಯಬೇಕಾಗುತ್ತದೆ.